ಗುಬ್ಬಿಯ ಎಡಗಾಲು

ನನ್ನ ಬಾಯಿ ಸರಿಯಿಲ್ಲ ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ಕೈ ಸರಿಯಿಲ್ಲ ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಸೈಕಲ್ಲಿಗೆ ಮೋಟಾರು ಕೂಡಿಸಿ ಕೊಡುವುದು ನನ್ನ ಕೆಲಸ. ಅದಕ್ಕೇ ಎಲ್ಲರಿಗೂ ನಾನು ಮೋಟಾರಕ್ಕ. ಈ ಹೆಸರಿನ ಮುಂದೆ ಅಪ್ಪ ಅಮ್ಮ ಇಟ್ಟ ಹೆಸರು ಯಾವತ್ತೋ ಸೋತು ಮೂಲೆ ಸೇರಿದೆ.

ದೊಡ್ಡ ಮೋಟಾರು ಹಾಕಿದರೆ ಗಾಡಿ ಹಾರುತ್ತದೆ ಎಂದುಕೊಂಡು ಬರುವವರೇ ಹೆಚ್ಚು. ಅವರಿಗೆಲ್ಲ ನಾನು ಒಂದೇ ಪಾಠ ಒಪ್ಪಿಸುತ್ತೇನೆ. ಮೋಟಾರು ಎತ್ತು, ಬ್ಯಾಟರಿ ಮೇವು, ನಡುವೆ ಕೂತ ಕಂಟ್ರೋಲರ್ ಗಾಡಿ ಹೊಡೆಯುವವನು. ಮೇವು ಇದ್ದಷ್ಟೇ ದುಡಿಸಬೇಕು. ಕಂಟ್ರೋಲರ್ ದುರಾಸೆಗೆ ಬಿದ್ದು ಹೆಚ್ಚು ಕೇಳಿತೋ, ಬ್ಯಾಟರಿ ಏರುದಾರಿಯ ನಡುವೆಯೇ ಅಂಗಡಿ ಮುಚ್ಚಿಬಿಡುತ್ತದೆ. ಹಿಂದೆ ಲಾರಿ ಬರುತ್ತಿದೆಯೋ ಇಲ್ಲವೋ ಅದಕ್ಕೇನು ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಕಂಟ್ರೋಲರಿಗೇ ಇರಬೇಕು. ಮೂರೂ ಹೊಂದದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ಮೂರನ್ನೂ ಹೊಂದಿಸಿದ ಮೇಲೆ ನನ್ನ ಅಂಗಡಿಯಲ್ಲಿ ಇನ್ನೊಂದು ಕೆಲಸವಿದೆ. ಬೇರೆಯವರು ಅದನ್ನು ಮಾಡುವುದಿಲ್ಲ, ಹೊತ್ತು ದಂಡ ಎನ್ನುತ್ತಾರೆ. ನಾನು ತರಿಸುವ ಕಂಟ್ರೋಲರಿನಲ್ಲಿ ಎರಡು ಬಿಳಿ ತಂತಿಗಳಿರುತ್ತವೆ, ಕಲಿಕೆಯ ತಂತಿಗಳು. ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ, ಆ ಎರಡನ್ನೂ ಸೇರಿಸಿ, ಪೆಡಲನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂರಬೇಕು. ಕೈ ಎಲ್ಲಿ ಭಾರ ಹಾಕುತ್ತದೋ ಅಲ್ಲಿ ಮೋಟಾರೂ ಭಾರ ಹಾಕಬೇಕು ಎಂದು ಕಂಟ್ರೋಲರ್ ಕಲಿತುಕೊಳ್ಳುತ್ತದೆ. ತಂತಿ ಬಿಡಿಸಿದ ಮೇಲೆ ಕಲಿತದ್ದನ್ನು ಬಿಡುವುದಿಲ್ಲ. ಒಂದೇ ಸಮನೆ ತಿರುಗಿಸಿದರೆ ಗಾಡಿ ಬೆಣ್ಣೆಯಂತೆ ಹೋಗುತ್ತದೆ.

ಇದನ್ನೆಲ್ಲ ನಾನು ಕಲಿತದ್ದು ಗುಬ್ಬಿಗಾಗಿ. ಗುಬ್ಬಿ ನನ್ನ ತಂಗಿ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ತಿಂದುಹಾಕಿತ್ತು. ಬಲಗಾಲು ಊರಿ, ಎಡಗಾಲು ಎಳೆದು ಕುಪ್ಪಳಿಸಿ ನಡೆಯುತ್ತಿದ್ದಳು, ಅದಕ್ಕೇ ಆ ಹೆಸರು. ಟಪ್, ಸರ್. ಟಪ್, ಸರ್. ಓಣಿಯ ಕೊನೆಯಲ್ಲಿ ಆ ಸದ್ದು ಕೇಳಿದರೆ ಸಾಕು, ನಾನು ಒಳಗಿಂದಲೇ ಟೀಗೆ ನೀರಿಡುತ್ತಿದ್ದೆ. ಅವಳಿಗೆ ನಾನು ಕಟ್ಟಿಕೊಟ್ಟ ಗಾಡಿ ಎಲ್ಲರ ಗಾಡಿಯಂತಿರಲಿಲ್ಲ. ಬಲಗಾಲು ತುಳಿಯುವಾಗ ಮೋಟಾರು ತೆಪ್ಪಗಿರಬೇಕು, ಎಡಗಾಲಿನ ಸರದಿ ಬಂದಾಗ ತಾನೇ ಮುಂದೆ ಬಂದು ತಳ್ಳಬೇಕು. ಅದಕ್ಕಾಗಿ ನಾನು ಪೆಡಲನ್ನು ಬಲಕ್ಕೆ ಹಗುರ, ಎಡಕ್ಕೆ ಭಾರ ಹಾಕಿ ತಿರುಗಿಸಿ ಕಲಿಸುತ್ತಿದ್ದೆ. ವರ್ಷ ವರ್ಷ ಕಾಲು ಇನ್ನಷ್ಟು ಸೊರಗುತ್ತಿತ್ತು, ವರ್ಷ ವರ್ಷ ಮತ್ತೆ ಕಲಿಸುತ್ತಿದ್ದೆ. ಅವಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಇನ್ನೊಂಚೂರು ಅಕ್ಕ, ಇನ್ನೊಂಚೂರು ಎನ್ನುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಮತ್ತೊಂದು ಜ್ವರ ಬಂತು. ಹಳೆಯದು ಕಾಲು ತಿಂದಿತ್ತು, ಇದು ಉಳಿದದ್ದನ್ನು ತಿಂದಿತು.

ವರ್ಷ ತುಂಬುವ ಮೊದಲೇ ಅವಳ ಗಂಡ ಇನ್ನೊಂದು ಮದುವೆಯಾದ. ಅವನು ಬೇಕರಿಯವನು, ಬೆಳಗಿನ ಜಾವಕ್ಕೆ ಎದ್ದು ಒಲೆಯ ಮುಂದೆ ಬೇಯುವ ಮನುಷ್ಯ, ಕೆಟ್ಟವನಲ್ಲ. ಆದರೂ ಹೊಸ ಹೆಂಡತಿಯನ್ನು ಕರೆದುಕೊಂಡು, ಗುಬ್ಬಿಯ ಗಾಡಿ ತಳ್ಳಿಕೊಂಡು ನನ್ನ ಅಂಗಡಿಗೆ ಬಂದ ದಿನ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೊಸಬಳು ನರ್ಸ್. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ಎತ್ತಿ, ಒರೆಸಿ, ಗಾಯ ತೊಳೆದು ಬರುವ ಕೆಲಸ. ಗುಡ್ಡದ ಮೇಲಿನ ಬೀದಿಗಳೆಲ್ಲ ಅವಳ ಪಾಲಿಗೆ ಬಂದಿದ್ದವಂತೆ. ಗಾಡಿ ಎಡಕ್ಕೆ ತಳ್ಳುತ್ತದೆ, ನೆಟ್ಟಗೆ ಮಾಡಿಕೊಡಿ ಅತ್ತಿಗೆ ಎಂದು ಅವನು ನೆಲ ನೋಡುತ್ತ ಕೇಳಿದ.

ಸತ್ತವಳ ಗಾಡಿ, ಸತ್ತವಳ ಗಂಡ, ಇನ್ನು ಸತ್ತವಳ ಅಕ್ಕನೂ ಬೇಕೇನಪ್ಪ ಎಂದು ಅಂದೇಬಿಟ್ಟೆ. ಬೇಕರಿಯವನ ಮುಖ ಕೆಂಪಾಯಿತು. ಹೊಸಬಳು ಮಾತ್ರ ಕದಲಲಿಲ್ಲ. ಗಾಡಿಯನ್ನು ತಾನೇ ಸ್ಟ್ಯಾಂಡಿನ ಮೇಲೆತ್ತಿಟ್ಟು, ಯಾವಾಗ ಬರಲಿ ಅಕ್ಕ ಎಂದು ಕೇಳಿದಳು. ಗಟ್ಟಿ ಕಾಲುಗಳು ಅವಳವು. ಅದಕ್ಕೂ ನನಗೆ ಸಿಟ್ಟು ಬಂತು.

ಸಿಟ್ಟು ಬಾಯಿಯದು, ಕೆಲಸ ಕೈಯದು. ಅವರು ಹೋದ ಮೇಲೆ ಕಂಟ್ರೋಲರ್ ಕಲಿತದ್ದನ್ನೆಲ್ಲ ಅಳಿಸಿದೆ. ಅಳಿಸುವಾಗ ಅಳು ಬಂತು, ಸುಳ್ಳೇಕೆ ಹೇಳಲಿ. ಮತ್ತೆ ಬಿಳಿ ತಂತಿ ಸೇರಿಸಿ, ಪೆಡಲನ್ನು ಒಂದೇ ಸಮನೆ ತಿರುಗಿಸಿ ಹೊಸದಾಗಿ ಕಲಿಸಿ ಕಳಿಸಿದೆ.

ಅವಳು ವಾರದೊಳಗೆ ವಾಪಸ್ ಬಂದಳು. ಗಾಡಿ ಇನ್ನೂ ಎಡಕ್ಕೇ ತಳ್ಳುತ್ತಿದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಸ್ಟ್ಯಾಂಡಿನ ಮೇಲೇರಿಸಿ ಪೆಡಲ್ ಒತ್ತಿದರೆ ಹಿಂದಿನ ಚಕ್ರದ ಮೋಟಾರು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಗುನುಗುತ್ತಿತ್ತು. ಉಂ, ಊಂ. ಉಂ, ಊಂ. ಕಂಟ್ರೋಲರ್ ಹಳೆಯದಾಗಿ ಅದರ ತಲೆ ಕೆಟ್ಟಿದೆ ಎಂದು ಅದನ್ನು ಕಿತ್ತೆಸೆದು ಹೊಸದು ಹಾಕಿದೆ, ಕಲಿಸಿದೆ. ಪರೀಕ್ಷೆಯ ಗುಂಡಿ ಒತ್ತಿ, ಕಲಿತ ತಾಳದಲ್ಲೇ ಚಕ್ರ ತಾನಾಗಿ ತಿರುಗುತ್ತಿರಲಿ, ನೋಡೋಣ ಎಂದು ಬಿಟ್ಟು ಕೈ ತೊಳೆಯಲು ಒಳಗೆ ಹೋದೆ. ಹೊರಗೆ ಏನೋ ಸದ್ದು. ಸೋಪು ಹಚ್ಚಿದ ಕೈಯಲ್ಲೇ, "ಬಂದ್ಯಾ ಗುಬ್ಬಿ?" ಎಂದು ಕೂಗಿದೆ.

ಕೂಗಿದ ಮೇಲೆ ಕೈ ತೊಳೆಯದೆಯೇ ಹೊರಗೆ ಬಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಡುಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದು ನಿಂತಿತ್ತು. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗುತ್ತಿತ್ತು, ಹೊಸ ಕಂಟ್ರೋಲರ್, ಗುಬ್ಬಿಯನ್ನು ಯಾವತ್ತೂ ಕಾಣದ ಕಂಟ್ರೋಲರ್. ಉಂ, ಊಂ. ಟಪ್, ಸರ್.

ಹಾಗಾದರೆ ಮೋಟಾರಿನದೇ ದೋಷ ಎಂದುಕೊಂಡು ಮೋಟಾರು ಬದಲಿಸಿದೆ. ಬ್ಯಾಟರಿ ಒಳಗೊಳಗೇ ಕುಸಿಯುತ್ತಿರಬಹುದೆಂದು ಅದನ್ನೂ ಬದಲಿಸಿದೆ. ಪ್ರತಿ ಸಲವೂ ಕಲಿಸಿ ಕಳಿಸಿದೆ, ಪ್ರತಿ ಸಲವೂ ಹೊಸಬಳು ಅದೇ ಮಾತು ಹೊತ್ತು ತಂದಳು. ಕೊನೆಗೆ ಗುಬ್ಬಿಯ ಸೈಕಲ್ಲನ್ನೇ ಗೋಡೆಗೆ ನೇತುಹಾಕಿ, ಬೇರೆ ಸೈಕಲ್ಲಿಗೆ ಎಲ್ಲವನ್ನೂ ಹೊಸದಾಗಿ ಕೂಡಿಸಿದೆ. ಅದರಲ್ಲಿ ನನ್ನ ತಂಗಿಯದು ಎನ್ನುವಂಥ ಒಂದು ಮೊಳೆಯೂ ಇರಲಿಲ್ಲ. ಆ ಗಾಡಿ ಹೊಸಬಳನ್ನು ಹೊತ್ತು ಓಣಿಯ ತಿರುವಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಅವಳ ಎಡಭುಜ ಒಂದೊಂದು ಸುತ್ತಿಗೂ ಕೆಳಗೆ ಇಳಿಯುತ್ತಿತ್ತು.

ಮುಂದಿನ ಸಲ ಅವಳು ಬಂದಾಗ ಗಾಡಿಯನ್ನು ತಳ್ಳಿಕೊಂಡು ಬಂದಳು. ನಾನು ಬಗ್ಗಿ ಸ್ಕ್ರೂ ಹುಡುಕುತ್ತಿದ್ದೆ, ಹಾಗಾಗಿ ಮೊದಲು ಕಂಡದ್ದು ನೆಲ. ಅಂಗಡಿಯ ನೆಲದ ಮೇಲೆ ಸದಾ ಒಂದು ಪದರ ಎಣ್ಣೆಧೂಳು ಇರುತ್ತದೆ, ಗುಡಿಸಿದರೂ ಹೋಗದು. ಅದರ ಮೇಲೆ ಬಾಗಿಲಿಂದ ನನ್ನವರೆಗೆ ಬಲ ಹೆಜ್ಜೆಗಳು ಪೂರ್ತಿ ಮೂಡಿದ್ದವು. ಎಡ ಹೆಜ್ಜೆಗಳ ಮುಂದೆ ಚಪ್ಪಲಿಯ ತುದಿ ಎಳೆದ ಗೆರೆ ಇತ್ತು. ಆ ಗೆರೆಯನ್ನು ನಾನು ಎಷ್ಟು ವರ್ಷ ಗುಡಿಸಿದ್ದೇನೆ! ತಲೆಯೆತ್ತಲು ಹೆದರಿಕೆಯಾಯಿತು. ಎತ್ತಿದರೆ ಹೊಸಬಳೇ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು.

ಚಪ್ಪಲಿ ಬಿಚ್ಚು ಎಂದೆ. ಕೊಂಡು ಇನ್ನೂ ಹೊಸತಿದ್ದ ಚಪ್ಪಲಿ, ಎಡದ್ದರ ತುದಿ ಸವೆದು ಒಳಗಿನ ಪದರ ಕಾಣುತ್ತಿತ್ತು. ಗುಬ್ಬಿಯ ಒಂದು ಜೊತೆ ಚಪ್ಪಲಿ ಒಳಗಿನ ಕೋಣೆಯ ಬಾಗಿಲ ಹಿಂದೆ ಇನ್ನೂ ಇದೆ, ತೆಗೆದಿಡಲು ಮನಸ್ಸಾಗಿಲ್ಲ. ತಂದು ಪಕ್ಕದಲ್ಲಿಟ್ಟೆ. ಒಬ್ಬಳೇ ಮೆಟ್ಟಿ ಸವೆಸಿದಂತಿದ್ದವು ಎರಡೂ.

ಅವಳು ಅಳಲಿಲ್ಲ. ಮಣೆಯ ಮೇಲೆ ಕೂತು ನಡೆದದ್ದನ್ನು ಹೇಳಿದಳು. ಮೊದಮೊದಲು ಹಾಯೆನಿಸಿತಂತೆ, ಅರ್ಧ ಕೆಲಸ ಗಾಡಿಯದೇ. ಆಮೇಲೆ ಮೆಟ್ಟಿಲು ಹತ್ತುವಾಗ ಎಡಗಾಲು ತಡವಾಗಿ ಬರತೊಡಗಿತು. ಆಸ್ಪತ್ರೆಯಲ್ಲಿ ತೋರಿಸಿದರೆ ನರ ಸರಿ, ಎಲುಬು ಸರಿ, ಎಲ್ಲ ಸರಿ. ಹಿಂದಿನ ದಿನ ಒಬ್ಬ ಅಜ್ಜಿಯನ್ನು ಹಾಸಿಗೆಯಿಂದ ಎತ್ತುವಾಗ ಆ ಕಾಲು ಕುಸಿದು, ಅಜ್ಜಿ ಸಮೇತ ಗೋಡೆಗೆ ಆತುಕೊಂಡಳಂತೆ. ಅಜ್ಜಿಗೆ ಏನೂ ಆಗಲಿಲ್ಲ. ಆದರೆ ಮೇಲಿನವರ ಕಿವಿಗೆ ಬಿತ್ತು. ರೋಗಿ ಎತ್ತಲಾಗದಿದ್ದರೆ ಈ ಕೆಲಸ ಬಿಡಬೇಕಾಗುತ್ತದೆ ಎಂದು ಅವರು ಹೇಳಿ ಕಳಿಸಿದ್ದರು.

"ಎಡಗಾಲು ನಾನು ತುಳಿಯೋದಲ್ಲ ಅಕ್ಕ," ಎಂದಳು. "ಯಾರೋ ತುಳೀತಾರೆ. ಕೆಟ್ಟವರೇನಲ್ಲ, ನನಗೆ ಗೊತ್ತಾಗುತ್ತೆ. ಆದ್ರೆ ಗಾಡಿಯಿಂದ ಇಳಿದ ಮೇಲೂ ಬಿಡಲ್ಲ ಅವರು. ನನ್ನ ಕಾಲು ನನಗೆ ವಾಪಸ್ ಬೇಕು."

ಅಷ್ಟರಲ್ಲಿ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬಂದ. ಅವನು ನನ್ನೆದುರು ದನಿಯೆತ್ತಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಬೇಕೆಂದೇ ಹೀಗೆ ಮಾಡುತ್ತಿದ್ದೀರಿ, ಇವಳ ಕಾಲು ಮುರಿದು ನಿಮ್ಮ ತಂಗಿಯನ್ನು ವಾಪಸ್ ತರುತ್ತೀರಾ ಎಂದು ಕೇಳಿದ. ಇನ್ನೊಂದು ದಿನವಾಗಿದ್ದರೆ ಅವನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದೆ. ಅಂದು ಗಾಡಿ ಇಲ್ಲೇ ಇರಲಿ, ಇವಳು ನಡೆದೇ ಹೋಗಲಿ ಎಂದಷ್ಟೇ ಹೇಳಿದೆ. ಅವರಿಬ್ಬರೂ ಓಣಿಯಲ್ಲಿ ಹೋಗುವಾಗ ಕಿವಿ ಮುಚ್ಚಿಕೊಂಡೆ, ಆ ಸದ್ದು ಕೇಳಬಾರದೆಂದು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದು, ಕೆಲಸ ಶುರುಮಾಡಲು ಮನಸ್ಸಿಲ್ಲದೆ ಹೊಸ್ತಿಲಲ್ಲೇ ಟೀ ಲೋಟ ಹಿಡಿದು ಕೂತೆ. ಜನ ಕೆಲಸಕ್ಕೆ ಹೊರಡುವ ಹೊತ್ತು. ಅಂಚೆಯವನು ಹೋದ. ಅವನ ಗಾಡಿಗೆ ನಾನು ಮೋಟಾರು ಹಾಕಿ ಬಹಳ ವರ್ಷವಾಯಿತು, ನೆಟ್ಟಗೆ ನೂಲು ಹಿಡಿದಂತೆ ಹೋದ. ಅವನ ಹಿಂದೆ ಶಾಲೆಯ ಟೀಚರು. ಅವರದು ಈ ಬೇಸಿಗೆಯಲ್ಲಿ ಕೂಡಿಸಿದ ಗಾಡಿ. ಅವರ ಎಡಭುಜ ಇಳಿಯಿತು, ಏರಿತು, ಇಳಿಯಿತು. ನಾನು ಲೋಟ ಕೆಳಗಿಟ್ಟೆ. ಟೀಚರ ಹಿಂದೆ ಹಾಲಿನವನು, ಅವನ ಹಿಂದೆ ಬೀಗದ ಅಂಗಡಿಯವನ ಮಗಳು, ಬಣ್ಣ ಬಳಿಯುವ ಅಣ್ಣತಮ್ಮಂದಿರಿಬ್ಬರು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಜನ ಒಂದೇ ತಾಳಕ್ಕೆ ಎಡಕ್ಕೆ ಬಾಗುತ್ತ ನನ್ನ ಅಂಗಡಿಯ ಮುಂದೆ ಹೋದರು. ಯಾರಿಗೂ ಅದರ ಪರಿವೆಯಿರಲಿಲ್ಲ. ಟೀಚರು ಎಂದಿನಂತೆ ಕೈಬೀಸಿದರು.

ಗುಬ್ಬಿ ಬದುಕಿದ್ದಾಗ ನನ್ನ ಕೈಯಿಂದ ಹೋದ ಗಾಡಿಗಳೆಲ್ಲ ನೆಟ್ಟಗಿದ್ದವು. ಅವಳು ಹೋದ ಮೇಲೆ ಹೋದವುಗಳೆಲ್ಲ ಕುಂಟುತ್ತಿದ್ದವು.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಡಬ್ಬಿಯೊಡೆದು ಹೊಸ ಕಂಟ್ರೋಲರೊಂದನ್ನು ತೆಗೆದು, ಹೊಸಬಳ ಗಾಡಿಗೆ ಕೂಡಿಸಿ, ಬ್ಯಾಟರಿಯ ತಂತಿಗೆ ಮುಳ್ಳಿನ ಮೀಟರು ಹಾಕಿದೆ. ಮೋಟಾರು ಎಷ್ಟು ಎಳೆಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ, ಅದಕ್ಕೆ ಸುಳ್ಳು ಗೊತ್ತಿಲ್ಲ. ಬಿಳಿ ತಂತಿ ಸೇರಿಸಿ ಪೆಡಲ್ ಹಿಡಿದೆ. ಜನ್ಮದಲ್ಲಿ ಅಷ್ಟು ಎಚ್ಚರದಿಂದ ನಾನು ಏನನ್ನೂ ತಿರುಗಿಸಿಲ್ಲ. ನನ್ನ ಲೆಕ್ಕದಲ್ಲಿ ಒಂದೇ ಸಮ, ಒಂದು ಎಳ್ಳಿನಷ್ಟೂ ಹೆಚ್ಚು ಕಡಿಮೆಯಿಲ್ಲ. ಮೀಟರಿನ ಮುಳ್ಳು ಮಾತ್ರ ಎಡ ಬಂದಾಗಲೆಲ್ಲ ಮೇಲೆ ಹಾರುತ್ತಿತ್ತು. ಕೈ ಬದಲಿಸಿದೆ, ಅದೇ. ಎಡಕ್ಕೆ ಬಂದಾಗ ಬೇಕೆಂದೇ ಬೆರಳು ಸಡಿಲಿಸಿದೆ. ಆಗ ತಿಳಿಯಿತು. ನಾನು ಒತ್ತದಿದ್ದರೂ ನನ್ನ ಕೈಯ ಮೇಲೆ ಭಾರ ಬೀಳುತ್ತಿತ್ತು, ಹೆಚ್ಚೇನಿಲ್ಲ, ಪಕ್ಕದಲ್ಲಿ ಮಣೆ ಹಾಕಿ ಕೂತವರು ಇನ್ನೊಂಚೂರು ಅಕ್ಕ ಎಂದು ಕೈಮೇಲೆ ಕೈಯಿಟ್ಟಷ್ಟು.

ಹೆದರಿಕೆಯಾಯಿತೇ ಎಂದರೆ ಆಯಿತು. ಆದರೂ ನಾನು ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತು ತಿರುಗಿಸುತ್ತಲೇ ಕೂತಿದ್ದೆ. ತಂಗಿ ಸತ್ತ ಮೇಲೆ ಅಷ್ಟು ಹಾಯಾಗಿ ನಾನು ಕೂತದ್ದೇ ಇಲ್ಲ. ಮೂರೂ ಸಾಮಾನು ಬದಲಿಸಿದೆ, ಸೈಕಲ್ಲನ್ನೇ ಬದಲಿಸಿದೆ, ಕಲಿಸುವ ಕೈಯನ್ನು ಬದಲಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ. ಬೇರೆ ಅಂಗಡಿಯಲ್ಲಿ ಈ ತಪ್ಪು ಆಗುತ್ತಲೇ ಇರಲಿಲ್ಲ, ಅವರು ಕಲಿಸುವುದೇ ಇಲ್ಲವಲ್ಲ.

ಹೊಸಬಳಿಗೆ ಹೇಳಿ ಕಳಿಸಿದೆ. ಹೇಳಿ ಕಳಿಸುವ ಮೊದಲು ಹೇಳಬಾರದೆಂದೂ ಅಂದುಕೊಂಡೆ, ಅದನ್ನೂ ಮುಚ್ಚಿಡುವುದಿಲ್ಲ. ಊರಿನವರಿಗೇನು, ಒಂದಿಷ್ಟು ಎಡಕ್ಕೆ ಬಾಗುತ್ತಾರೆ, ಅಷ್ಟೇ ತಾನೆ. ಹೊಸಬಳು ಬೇರೆ ಕೆಲಸ ನೋಡಿಕೊಳ್ಳಲಿ. ಗುಬ್ಬಿ ಇರಲಿ. ಹೀಗೆ ಯೋಚಿಸುತ್ತಿರುವಾಗ ಬಾಗಿಲ ಹಿಂದಿನ ಚಪ್ಪಲಿಗಳು ಕಣ್ಣಿಗೆ ಬಿದ್ದವು. ಆ ಕಾಲಿನಿಂದ ನನ್ನ ತಂಗಿ ಪಟ್ಟ ಪಾಡು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಟ್ಟಿಲ ಕೆಳಗೆ ಕೂತು ಕಾಲಿಗೆ ಗುದ್ದಿಕೊಂಡು ಅಳುತ್ತಿದ್ದಳು. ಆ ಕಾಲನ್ನು ಇನ್ನೊಬ್ಬಳಿಗೆ ಅಂಟಿಸುವುದೆಂದರೆ ಗುಬ್ಬಿಯೇ ನನ್ನ ಮುಖಕ್ಕೆ ಉಗಿಯುತ್ತಾಳೆ.

ಹೊಸಬಳು ಬಂದಾಗ ಮಧ್ಯಾಹ್ನ ಕಳೆದಿತ್ತು. ಅವಳನ್ನು ಮಣೆಯ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿ, ಬಿಳಿ ತಂತಿ ಸೇರಿಸಿ, ಈಗ ನೀನೇ ತಿರುಗಿಸು ಎಂದೆ. ಅವಳು ಪೆಡಲಿಗೆ ಕೈ ಹಾಕಿದಳು. ಎಡ ಬಂದಾಗ ಮುಳ್ಳು ಮೇಲೆ ಹಾರಿತು. ನೋಡಿದರೆ ಇನ್ನೊಂದು ಪೆಡಲಿನ ಮೇಲೆ ನನ್ನ ಕೈ ಇತ್ತು. ಯಾವಾಗ ಇಟ್ಟೆನೋ ನನಗೆ ತಿಳಿಯದು. ತೆಗೆದೆ. ಮತ್ತೆ ಶುರುಮಾಡಿದಳು. ಮತ್ತೆ ನನ್ನ ಕೈ ಅಲ್ಲೇ ಇತ್ತು.

"ಕೈ ಬಿಡಿ ಅಕ್ಕ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹಾಸಿಗೆ ಹಿಡಿದವರ ಮುಷ್ಟಿ ಬಿಡಿಸುವಾಗ ಹೀಗೇ ಮಾತಾಡುತ್ತಾಳೇನೋ ಎನಿಸಿತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಮಡಿಲಲ್ಲಿಟ್ಟಳು. ಆಮೇಲೆ ತಿರುಗಿಸಿದಳು. ಅವಳ ಕೈ ಮೊದಲು ತಡವರಿಸಿತು, ಎಡಕ್ಕೆ ಬಂದಾಗ ಬೆವರೊಡೆದು ತುಟಿ ಕಚ್ಚಿದಳು, ಬಿಡಲಿಲ್ಲ. ಮುಳ್ಳಿನ ಕುಣಿತ ಸಣ್ಣದಾಗುತ್ತ ಬಂತು. ಕೊನೆಗೆ ಒಂದೇ ಕಡೆ ನಿಂತಿತು. ಮೋಟಾರಿನ ಸದ್ದು ಒಂದೇ ಎಳೆಯಾಗಿ ಅಂಗಡಿಯ ತುಂಬ ಹರಡಿತು. ಅಷ್ಟು ಚೆನ್ನಾಗಿ ಹೊಂದಿದ ಗಾಡಿಯನ್ನು ನಾನು ಕಂಡಿರಲಿಲ್ಲ. ಮೋಟಾರಕ್ಕ ಎನಿಸಿಕೊಂಡವಳು ಮೂಲೆಗೆ ಹೋಗಿ, ಗೋಡೆಗೆ ಹಣೆ ಹಚ್ಚಿ, ಚಿಕ್ಕ ಮಕ್ಕಳಂತೆ ಅತ್ತೆ. ಹೊಸಬಳು ಟೀ ಕಾಯಿಸಿದಳು. ಸಕ್ಕರೆ ಎಲ್ಲಿದೆ ಎಂದು ಕೇಳಲೂ ಇಲ್ಲ, ಅದು ಗುಬ್ಬಿ ಇಡುತ್ತಿದ್ದ ಜಾಗದಲ್ಲೇ ಇತ್ತು.

ಅವಳ ಕಾಲು ಮೆಲ್ಲಮೆಲ್ಲಗೆ ನೆಟ್ಟಗಾಯಿತು, ಕೆಲಸವೂ ಉಳಿಯಿತು. ಈಗ ನಾನು ಯಾರ ಗಾಡಿಗೂ ಕಲಿಸುವುದಿಲ್ಲ. ಟೀಚರನ್ನೂ ಹಾಲಿನವನನ್ನೂ ಒಬ್ಬೊಬ್ಬರಾಗಿ ಕರೆಸಿ, ಮಣೆ ಕೊಟ್ಟು, ನಿಮ್ಮ ಗಾಡಿ ನೀವೇ ಕಲಿಸಿಕೊಳ್ಳಿ ಎಂದೆ. ಮೋಟಾರಕ್ಕನಿಗೆ ವಯಸ್ಸಾಯಿತು, ಸೋಮಾರಿಯಾದಳು ಎಂದು ಹಾಲಿನವನು ಹಲ್ಲುಕಿರಿದ. ಅವನಿಗೆ ಕೊಡಬೇಕಾದ್ದನ್ನು ಕೊಟ್ಟೆ, ಬಾಯಿ ಇನ್ನೂ ನನ್ನದೇ ಅಲ್ಲವೇ. ಬೀದಿಯಲ್ಲಿ ಈಗ ಎಲ್ಲರೂ ನೆಟ್ಟಗೆ ಹೋಗುತ್ತಾರೆ.

ಒಂದು ಗಾಡಿ ಬಿಟ್ಟು. ಅದು ನನ್ನದು, ಗುಬ್ಬಿ ಹೋದ ಮೇಲೆ ಕೂಡಿಸಿದ್ದು. ಅದನ್ನೂ ಅಳಿಸಿ ತಾನೇ ಕಲಿಸಿಕೊಡುತ್ತೇನೆ ಎಂದು ಹೊಸಬಳು ಬಂದಾಗಲೆಲ್ಲ ಹೇಳುತ್ತಾಳೆ. ನನ್ನ ಎಡ ಚಪ್ಪಲಿಯ ಮೇಲೆ ಅವಳ ಕಣ್ಣಿದೆ. ನಾಳೆ ನೋಡೋಣ ಎನ್ನುತ್ತೇನೆ.

ನಿನ್ನೆ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೊರಟೆ. ಸೇತುವೆ ದಾಟಿದ ಮೇಲೆ ರಸ್ತೆ ಸಮತಟ್ಟು, ಆ ಹೊತ್ತಿಗೆ ಯಾರೂ ಇರುವುದಿಲ್ಲ. ಏನೆನಿಸಿತೋ, ಎರಡೂ ಕಾಲನ್ನು ಪೆಡಲಿನಿಂದ ಎತ್ತಿ ಮುಂದಕ್ಕೆ ಚಾಚಿದೆ. ಈ ಗಾಡಿಗಳಲ್ಲಿ ಮೋಟಾರು ಇರುವುದು ಹಿಂದಿನ ಚಕ್ರದಲ್ಲಿ. ಅದು ಚಕ್ರವನ್ನು ತಿರುಗಿಸೀತೇ ಹೊರತು ಪೆಡಲನ್ನು ತಿರುಗಿಸಲಾರದು, ಇದು ನಾನು ಹತ್ತಾರು ವರ್ಷ ಎಲ್ಲರಿಗೂ ಹೇಳುತ್ತ ಬಂದ ಮಾತು. ಕಾಲೆತ್ತಿದರೆ ಪೆಡಲ್ ಇದ್ದಲ್ಲೇ ನಿಲ್ಲಬೇಕು.

ಬಲಪೆಡಲು ಗಟ್ಟಿಯಾಗಿ ಕೆಳಗಿಳಿಯಿತು. ಎಡದ್ದರ ಸರದಿ ಬಂದಾಗ ಅರ್ಧ ದಾರಿಯಲ್ಲಿ ತಡೆಯಿತು, ಮೋಟಾರು ಊಂ ಎಂದು ಮುಂದೆ ಬಂತು, ಆಮೇಲೆ ಅದೂ ಇಳಿಯಿತು. ಮತ್ತೆ ಬಲ. ಮತ್ತೆ ಎಡ.

ನಾನು ಹಿಂದೆ ತಿರುಗಿ ನೋಡಲಿಲ್ಲ. ಹ್ಯಾಂಡಲ್ ಹಿಡಿದು ದಾರಿ ತೋರಿಸುತ್ತ ಕೂತೆ.

"ಸಾಕು ಕಣೇ, ಸುಸ್ತಾಗ್ತೀಯ," ಎಂದೆ. "ಮನೆ ಬಂತು."